ಮನೆ ಮುಂದೆ ರಾತ್ರಿಯಿಡೀ ನಿಲ್ಲುವ ಲಾರಿ: ಏನು ಮಾಡಬಹುದು?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ)

ನಮ್ಮದು 30 ಅಡಿ ರಸ್ತೆ. ಎರಡು ಮನೆ ಆಚೆಗಿರುವವರ ಹತ್ತು ಚಕ್ರದ ಲಾರಿ, ಬಾಡಿಗೆ ಇಲ್ಲದ ದಿನಗಳಲ್ಲಿ ನಮ್ಮ ಗೇಟಿಗೆ ಅರ್ಧ ಅಡ್ಡವಾಗಿ ನಿಲ್ಲುತ್ತದೆ. ಚರಂಡಿಯ ಮೇಲಿನ ಎರಡು ಚಪ್ಪಡಿಗಳು ಈಗಾಗಲೇ ಬಿರುಕು ಬಿಟ್ಟಿವೆ. ಮಳೆ ಹಿಡಿದರೆ ಲಾರಿಯಡಿ ತೊಟ್ಟಿಕ್ಕಿದ ಎಣ್ಣೆ ಬಣ್ಣಬಣ್ಣವಾಗಿ ನಮ್ಮ ಅಂಗಳಕ್ಕೆ ಹರಿದು ಬರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಹಾಗೆಯೇ ಬಿಡುವುದರಿಂದ, ಹಾಸಿಗೆ ಹಿಡಿದಿರುವ ನಮ್ಮ ತಾಯಿಯವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅವರು ಕೆಟ್ಟವರಲ್ಲ, ನಮ್ಮ ಮನೆಯ ಗೃಹಪ್ರವೇಶಕ್ಕೆ ನಿಂತು ಬಡಿಸಿದವರು. ಮಾತು ಕೆಡದಂತೆ ಇದನ್ನು ಬಗೆಹರಿಸುವ ದಾರಿಯನ್ನೂ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರಿಕೆ.

ಉತ್ತರ 1

ಕಾನೂನು ನಿಮ್ಮ ಪರವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಂ, ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸುತ್ತದೆ. 127ನೆಯ ಕಲಮಿನಂತೆ, ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಿಕೊಂಡು ಹೋಗಲು ಅವಕಾಶವಿದ್ದು, ಅದರ ಖರ್ಚು ಮಾಲೀಕನ ಮೇಲೆಯೇ ಬೀಳುತ್ತದೆ. ಗೇಟಿಗೆ ಅಡ್ಡ ನಿಲ್ಲಿಸುವುದು 2017ರ ಚಾಲನಾ ನಿಯಮಾವಳಿಗೂ ವಿರುದ್ಧ. ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಲ್ಲಿ ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದವರಿಗೆ 5,000 ರೂಪಾಯಿಯವರೆಗೆ ದಂಡವಿದೆ.

ಆದರೆ ಅರ್ಜಿಯಲ್ಲಿ ಕಲಂಗಳಿಗಿಂತ ಅಳತೆಗೆ ತೂಕ ಹೆಚ್ಚು. 30 ಅಡಿ ರಸ್ತೆಯೆಂದರೆ ಟಾರು ಅಷ್ಟಗಲ ಇರುವುದಿಲ್ಲ. ಲಾರಿಗೆ ಅನುಮತಿಯಿರುವ ಗರಿಷ್ಠ ಅಗಲ 2.6 ಮೀಟರು, ಅಂದರೆ ಎಂಟೂವರೆ ಅಡಿ. ಅದು ನಿಂತ ಮೇಲೆ ಎಷ್ಟು ಜಾಗ ಉಳಿಯುತ್ತದೆಂದು ಟೇಪು ಹಿಡಿದು ಅಳೆದು, ಅಗ್ನಿಶಾಮಕ ವಾಹನವೋ ಆಂಬುಲೆನ್ಸೋ ಅದರಲ್ಲಿ ನುಗ್ಗಬಹುದೇ ಎಂದು ಬರೆಯಿರಿ. ದಿನಾಂಕ, ಸಮಯ, ನಂಬರ್ ಪ್ಲೇಟು ಕಾಣುವ ಫೋಟೋಗಳೊಂದಿಗೆ ಸಂಚಾರ ಠಾಣೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಚಪ್ಪಡಿಯ ವಿಷಯ ಪಾಲಿಕೆಯದು. ಅದಕ್ಕೆ ಬೇರೆ ಅರ್ಜಿ ಬೇಕು. ತುಂಬಿದ ಹತ್ತು ಚಕ್ರದ ಲಾರಿ 28.5 ಟನ್‌ವರೆಗೆ ತೂಗಬಹುದು. ಖಾಲಿಯಿದ್ದರೂ ಚರಂಡಿಯ ಕಲ್ಲು ತಡೆಯುವ ಭಾರವಲ್ಲ.

ಉತ್ತರ 2

ನಾನು ಲಾರಿ ಓಡಿಸುವವನು, ಆದ್ದರಿಂದ ಆ ಕಡೆಯ ಮಾತನ್ನೂ ಹೇಳುತ್ತೇನೆ. ಗಾಳಿಯ ಬ್ರೇಕಿನ ಗಾಡಿ ರಾತ್ರಿ ನಿಂತಾಗ ಟ್ಯಾಂಕಿನ ಗಾಳಿ ಇಳಿಯುತ್ತದೆ. ಅದು ಮತ್ತೆ ತುಂಬದೆ ಗಾಡಿ ಎತ್ತುವಂತಿಲ್ಲ. ಆದರೆ ಪ್ರತಿದಿನ ಹದಿನೈದು ನಿಮಿಷ ಹಿಡಿಯುತ್ತಿದ್ದರೆ ಪೈಪಿನಲ್ಲೋ ವಾಲ್ವಿನಲ್ಲೋ ಸೋರಿಕೆಯಿರಬೇಕು. ಸೋಪಿನ ನೀರು ಹಚ್ಚಿದರೆ ಗುಳ್ಳೆಯೆದ್ದು ತಾನೇ ತೋರಿಸುತ್ತದೆ. ಇದನ್ನು ದೂರಿನಂತೆ ಹೇಳದೆ ವಿಚಾರಿಸಿದಂತೆ ಹೇಳಿ, ಬೇಸರವಾಗುವುದಿಲ್ಲ. ನಾವು ಮನೆಯ ಮುಂದೆ ನಿಲ್ಲಿಸುವುದು ಬ್ಯಾಟರಿ, ಡೀಸೆಲ್, ಸ್ಟೆಪ್ನಿ ಕಳ್ಳತನದ ಹೆದರಿಕೆಯಿಂದ. ಸಾಗರ ರಸ್ತೆಯಲ್ಲಿ ಅವರು ಖಾಯಂ ಡೀಸೆಲ್ ಹಾಕಿಸುವ ಬಂಕ್ ಇದ್ದರೆ ಕೇಳಿಸಿ ನೋಡಿ. ಗುರುತಿನ ಗಾಡಿಗೆ ರಾತ್ರಿ ಜಾಗ ಕೊಡುವವರಿದ್ದಾರೆ. ಅದಕ್ಕೂ ಒಪ್ಪದಿದ್ದರೆ ಮೇಲಿನವರು ಹೇಳಿದ ಅರ್ಜಿ ಹೇಗೂ ಇದೆ.

ಪ್ರಶ್ನೆ ಕೇಳಿದವರಿಂದ

ಅಳೆದು ನೋಡಿದೆ, ಉಳಿಯುವುದು ಎಂಟು ಅಡಿ ಮಾತ್ರ. ಟೇಪಿನ ಇನ್ನೊಂದು ತುದಿಯನ್ನು ಹಿಡಿದವರು ಲಾರಿಯ ಮಾಲೀಕರೇ. ಬಂಕಿನವರನ್ನು ಭಾನುವಾರ ಕೇಳುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಠಾಣೆಯ ಅರ್ಜಿಯನ್ನು ತಡೆದಿದ್ದೇನೆ. ಚಪ್ಪಡಿಗಾಗಿ ಪಾಲಿಕೆಗೆ ಕೊಟ್ಟ ಅರ್ಜಿಗೆ ಅವರೂ ಸಹಿ ಹಾಕಿದ್ದಾರೆ.