ಸಿನಿಮಾದ ‘ಸಂಕಲನ’: ಕೂಡುವುದೋ, ಕತ್ತರಿಸುವುದೋ?

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಕ್ಲಾಸಿನವರೆಲ್ಲ ಸಿನಿಮಾ, ಟಿವಿ ತಯಾರಿಕೆಯ ಮ್ಯೂಸಿಯಂ ಒಂದಕ್ಕೆ ಹೋಗಿದ್ದೆವು. ನೋಡಿದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಡಬೇಕು. ಕ್ಯಾಮೆರಾ, ಲೈಟು, ಮೇಕಪ್ಪು ಎಲ್ಲ ಸಲೀಸಾಗಿ ಬರೆದೆ. ಎಡಿಟಿಂಗ್ ಕೋಣೆಗೆ ಬಂದಾಗ ಪೆನ್ನು ನಿಂತಿತು.

ಅಲ್ಲಿ ಹಳೆಯ ಮೂವಿಯೋಲಾ ಇತ್ತು. ರೀಲು ಓಡಿಸಿ ನೋಡುತ್ತ, ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಾಕಿಕೊಳ್ಳುವ ಯಂತ್ರ. ಎಡಿಟಿಂಗಿಗೆ ಅದು ಬಂದದ್ದು 1924ರಲ್ಲಿ. ಪಕ್ಕದಲ್ಲೇ ಒಂದು ಪುಟ್ಟ ಸ್ಪ್ಲೈಸರ್. ತೋರಿಸುತ್ತಿದ್ದವರು 35 ಎಂಎಂ ಫಿಲ್ಮಿನ ಎರಡು ತುಂಡು ತೆಗೆದುಕೊಂಡರು. ಅಂಚಿನ ತೂತುಗಳನ್ನು ಪಿನ್ನುಗಳಿಗೆ ಸಿಕ್ಕಿಸಿ, ಚಕ್ ಅಂತ ಕತ್ತರಿಸಿ, ತುದಿಗೆ ತುದಿ ತಾಗಿಸಿ ಟೇಪು ಒತ್ತಿದರು. ಬೆರಳಾಡಿಸಿದರೆ ಅಲ್ಲಿ ಸಣ್ಣದೊಂದು ಉಬ್ಬು. ಸೆಕೆಂಡಿಗೆ 24 ಚಿತ್ರ, ಅಂದರೆ ಒಂದೂವರೆ ಅಡಿ ಫಿಲ್ಮು. ನಮ್ಮ ಲೆಕ್ಕದಲ್ಲಿ ಒಂದು ಮೊಳ! ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ನೋಡಿದೆ, ಕೈಯಲ್ಲಿ ಒಂದು ಸೆಕೆಂಡು ನೇತಾಡುತ್ತಿತ್ತು.

ಈಗ ಪ್ರಶ್ನೆ. ಎಡಿಟಿಂಗಿಗೆ ನಮ್ಮ ಸಿನಿಮಾಗಳ ಟೈಟಲ್ಲಿನಲ್ಲಿ ‘ಸಂಕಲನ’ ಅಂತ ಬರುತ್ತದೆ. ಗಣಿತದಲ್ಲಿ ಸಂಕಲನ ಅಂದರೆ ಕೂಡುವುದು, ಅದರ ಎದುರು ವ್ಯವಕಲನ. ಕವನ ಸಂಕಲನದಲ್ಲೂ ಒಟ್ಟುಗೂಡಿಸುವ ಅರ್ಥವೇ. ಆದರೆ ಮಾತಿಗೆ ಬಂದರೆ ಎಲ್ಲ ಉಲ್ಟಾ. ‘ಆ ಸೀನು ಎಡಿಟಿಂಗಲ್ಲಿ ಹೋಯ್ತು’ ಅನ್ನುತ್ತೇವೆ, ‘ಕತ್ತರಿ ಬಿತ್ತು’ ಅನ್ನುತ್ತೇವೆ. ಬರೆಯುವಾಗ ಕೂಡುವ ಲೆಕ್ಕ, ಆಡುವಾಗ ಕಳೆಯುವ ಲೆಕ್ಕ. ವಿಚಿತ್ರ ಅಲ್ವಾ?

ಅಕ್ಕಪಕ್ಕದ ಭಾಷೆ ನೋಡಿದೆ. ತಮಿಳಿನ ‘ಪಡತ್ತೊಗುಪ್ಪು’ ಒಟ್ಟುಗೂಡಿಸುವ ಮಾತು. ತೆಲುಗಿನ ‘ಕೂರ್ಪು’ ಜೋಡಿಸುವ ಮಾತು. (ಹಳಗನ್ನಡದಲ್ಲಿ ‘ಕೂರ್ಪು’ ಅಂದರೆ ಹರಿತ! ಸುಮ್ನೆ ಹೇಳಿದೆ, ಎರಡಕ್ಕೂ ನಂಟು ಕಟ್ಟುತ್ತಿಲ್ಲ.) ಫ್ರೆಂಚರ ‘ಮೊಂತಾಜ್’ ಕೂಡ ಜೋಡಣೆಯೇ. ಜರ್ಮನ್ನರ ‘ಶ್ನಿಟ್’ ಮಾತ್ರ ನೇರವಾಗಿ ಕತ್ತರಿಸುವುದು. ಹಿಂದಿಯವರು ‘ಸಂಪಾದನ್’ ಅಂದು ಪತ್ರಿಕೆಗೂ ಸಿನಿಮಾಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ. ನಾವು ಪತ್ರಿಕೆಗೆ ಸಂಪಾದಕ, ಸಿನಿಮಾಕ್ಕೆ ಸಂಕಲನಕಾರ ಅಂತ ಬೇರೆ ಮಾಡಿಕೊಂಡದ್ದು ನನಗೆ ಜಾಸ್ತಿ ಇಷ್ಟ. ಆ ಸ್ಪ್ಲೈಸರ್ ನೋಡಿದ ಮೇಲಂತೂ ‘ಸಂಕಲನ’ವೇ ಸರಿ ಅನಿಸಿತು. ಕತ್ತರಿಸುವುದು ಅರೆಕ್ಷಣದ ಕೆಲಸ, ತುದಿ ಕೂಡಿಸುವುದಕ್ಕೇ ಅವರು ಅಷ್ಟು ಹೊತ್ತು ಕಣ್ಣು ಕಿರಿದು ಮಾಡಿದ್ದು.

ಆದರೆ ಆ ಉಬ್ಬಿಗೆ, ಎರಡು ತುಂಡು ಸೇರುವ ಜಾಗಕ್ಕೆ, ಏನನ್ನಬೇಕು? ‘ಬೆಸುಗೆ’ ಅಂತ ಬರೆದೆ. ಓದಿದ ಗೆಳತಿ ‘ಇದೇನು ಪಾತ್ರೆಗೆ ಹಾಕೋದಾ?’ ಅಂದಳು. ‘ತೇಪೆ’ ಅಂದರೆ ಹರಿದದ್ದಕ್ಕೆ ಹಚ್ಚಿದ ಹಾಗಾಗುತ್ತದೆ. ‘ಸಂದು’ ಅಂದರೆ ನಡುವೆ ಖಾಲಿ ಬಿಟ್ಟಂತೆ ಕೇಳುತ್ತದೆ. ಸದ್ಯಕ್ಕೆ ‘ಅಂಟು’ ಅಂತ ಇಟ್ಟಿದ್ದೇನೆ, ಪೂರ್ತಿ ಒಪ್ಪಿಗೆಯಿಲ್ಲ.

ರೀಲಿನ ಕಾಲದಲ್ಲಿ ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತವರು ಯಾರಾದರೂ ಇಲ್ಲಿದ್ದೀರಾ? ನೀವು ಅದನ್ನು ಏನಂತ ಕರೆಯುತ್ತಿದ್ದಿರಿ? ‘ಜಾಯಿಂಟು’ ಅಂತಲೇ ಆದರೂ ಪರವಾಗಿಲ್ಲ, ಹಾಗೇ ಬರೆಯುತ್ತೇನೆ.