ಸೂಪೈನಲ್ಲಿ ಬೆಂಗಳೂರಿನ ಟೈಮ್ ಹೇಗೆ ಕೊಡೋದು? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಕಾಂಕ್ರೀಟು, ಡಾಂಬರು ಎಷ್ಟು ಶಾಖ ಹಿಡ್ಕೊಂಡು ರಾತ್ರಿ ಬಿಡ್ತಾವೆ ಅಂತ ನೋಡೋಕೆ ಪೈಥಾನ್‌ನ ಸೂಪೈ (SuPy, ನಗರದ ಶಾಖ, ನೀರಿನ ಲೆಕ್ಕ ಹಾಕೋ ಮಾಡೆಲ್‌ನ ಪ್ಯಾಕೇಜು) ಬಳಸ್ತಿದೀನಿ. ಹೊಸ ಎನ್ವಿರಾನ್ಮೆಂಟ್ ಮಾಡಿ ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡ್ದೆ, ಜೊತೆಗೇ ಬರೋ ಲಂಡನ್ ಸ್ಯಾಂಪಲ್ ಡೇಟಾ ಸಲೀಸಾಗಿ ರನ್ ಆಯ್ತು. ಆದ್ರೆ ಇಆರ್‌ಎ5 (ERA5, ಇಡೀ ಜಗತ್ತಿನ ಗಂಟೆಗಂಟೆಯ ಹವಾಮಾನ ಡೇಟಾ) ಇಂದ ತಗೊಂಡ ನಮ್ಮೂರ ಡೇಟಾ ಕೊಟ್ರೆ ಬೆಳಗ್ಗೆ ಆರು ಏಳಕ್ಕೇ ಬಿಸಿಲು ನೆತ್ತಿಗೆ ಬಂದಿರತ್ತೆ, ಅದು ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಟೈಮ್ ಅಂತ ಪಾಂಡಾಸಲ್ಲಿ (ಪೈಥಾನ್‌ನ ಟೇಬಲ್ ಡೇಟಾ ಲೈಬ್ರರಿ) ಐದೂವರೆ ಗಂಟೆ ಮುಂದೆ ತಳ್ಳಿ ಟೈಮ್‌ಝೋನ್ 5.5 ಮಾಡ್ದೆ, ಈಗ ಎಲ್ಲಾ ರೀಡಿಂಗೂ 6:30, 7:30 ಹೀಗೆ ಅರ್ಧ ಗಂಟೇಲಿ ಕೂತಿವೆ, ಮಾಡೆಲ್ ಬೇರೆ 5 ನಿಮಿಷದ ಸ್ಟೆಪ್ಪಲ್ಲಿ ಓಡತ್ತೆ. ಇದನ್ನ ಹಾಗೇ ಕೊಡಬಹುದಾ, ಇಲ್ಲಾ ಪೂರ್ತಿ ಗಂಟೆಗೆ ಇಂಟರ್‌ಪೊಲೇಟ್ (ಅಕ್ಕಪಕ್ಕದ ರೀಡಿಂಗ್ ನೋಡಿ ನಡುವಿನದ್ದು ಅಂದಾಜು) ಮಾಡ್ಲೇಬೇಕಾ? ಮಾಡೋದಾದ್ರೆ ಮಳೆ ಕಾಲಮ್ಮನ್ನ ಹೇಗೆ ಹಂಚೋದು? ಭಾರತದ ಊರಿಗೆ ರನ್ ಮಾಡಿರೋರು ದಯವಿಟ್ಟು ಹೇಳಿ.