ದಿಂಬಿನ ಅಂಚಿಗೆ ಏನು ಹೊಲಿಯಬೇಕು?

ದಿವಾನದ ಮೇಲಿನ ಐದು ದಿಂಬುಗಳಿಗೂ ಎರಡು ಲೋಡುಗಳಿಗೂ ಒಂದೇ ಬಗೆಯ ಕನ್ನಡಿ ಲೇಸನ್ನು ಹೊಲಿಯಬೇಕೆಂಬುದು ವಸಂತಾ ಅವರ ಸಂಕಲ್ಪವಾಗಿತ್ತು. ಆ ದಿಂಬುಗಳ ಮೇಲೆ ಪ್ರತಿ ಮಧ್ಯಾಹ್ನ ನಿದ್ರಿಸುವವರು ಅವರ ಪತಿ ಲಕ್ಷ್ಮೀಪತಿರಾಯರಾದ್ದರಿಂದ ಮೊದಲ ಆಕ್ಷೇಪಣೆಯೂ ಅವರಿಂದಲೇ ಬಂದಿತು.

“ಕನ್ನಡಿಯ ಮೇಲೆ ಕೆನ್ನೆಯಿಟ್ಟು ಮಲಗಿದರೆ ಏಳುವಷ್ಟರಲ್ಲಿ ನನ್ನ ಮುಖದಲ್ಲಿ ಕಛ್ ಕಸೂತಿ ಮೂಡಿರುತ್ತದೆ,” ಎಂದರು ರಾಯರು.

“ಅಲಂಕಾರದ ದಿಂಬು ಇರುವುದು ನೋಡುವುದಕ್ಕೆ,” ಎಂದರು ವಸಂತಾ.

“ಹಾಗಿದ್ದರೆ ಅದನ್ನು ಗೋಡೆಗೆ ತೂಗುಹಾಕಿ, ನನಗೊಂದು ಹಳೆಯ ದಿಂಬನ್ನು ಕೊಟ್ಟುಬಿಡು.”

ಬೀದಿಯ ಅರ್ಧ ಜನರ ರವಿಕೆಗಳನ್ನು ಹೊಲಿದು, ಎಲ್ಲರ ಸುತ್ತಳತೆಯ ಗುಟ್ಟನ್ನೂ ಕಾಪಾಡಿಕೊಂಡು ಬಂದಿರುವ ಶಾರದಕ್ಕ ಆಗ ಕಾಫಿಯ ಲೋಟವನ್ನು ಕೆಳಗಿಟ್ಟರು. “ಅಂದದ ಮಾತು ಆಮೇಲೆ ಇರಲಿ. ಈ ದಿಂಬಿನ ಚೀಲಗಳನ್ನು ಒಗೆಯುವವರು ಯಾರು, ಅದನ್ನು ಮೊದಲು ಹೇಳಿ.”

“ವಾಷಿಂಗ್ ಮಷೀನು,” ಎಂದರು ವಸಂತಾ, ಸ್ವಲ್ಪ ಸಣ್ಣ ಧ್ವನಿಯಲ್ಲಿ.

ಅಲ್ಲಿಗೆ ಕನ್ನಡಿಯ ಕಥೆ ಮುಗಿಯಿತು. ಹತ್ತಿಯ ಲೇಸಾದರೂ ಆಗಬಹುದಲ್ಲವೇ ಎಂದು ನಾನು ಕೇಳಿದೆ. ಆಗಬಹುದು, ಆದರೆ ಅದನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಹೊಲಿಯಬೇಕು, ಇಲ್ಲವಾದರೆ ಪಾಲಿಯೆಸ್ಟರ್ ಬಟ್ಟೆ ತನ್ನಷ್ಟಕ್ಕೆ ತಾನಿದ್ದು ಹತ್ತಿಯ ಲೇಸು ಮಾತ್ರ ಕುಗ್ಗಿ, ದಿಂಬಿನ ಅಂಚು ಹಪ್ಪಳದಂತೆ ಸುಕ್ಕುಗಟ್ಟುತ್ತದೆ ಎಂದು ಶಾರದಕ್ಕ ವಿವರಿಸಿದರು. ಈಗ ಅಗ್ಗಕ್ಕೆ ಸಿಗುವ ಜರಿ ಲೇಸಿನಲ್ಲಿ ಹೊಳೆಯುವುದು ಬಹುಮಟ್ಟಿಗೆ ಪ್ಲಾಸ್ಟಿಕ್ ಎಳೆಯಾದ್ದರಿಂದ, ಅದನ್ನು ಮಗುಚಿ, ಮೇಲೊಂದು ಬಟ್ಟೆ ಹಾಸಿ, ಕಡಿಮೆ ಶಾಖದಲ್ಲಿ ಇಸ್ತ್ರಿ ಮಾಡಬೇಕೆಂಬ ಎಚ್ಚರಿಕೆಯನ್ನೂ ಸೇರಿಸಿದರು.

ಇಳಕಲ್ ಸೀರೆಯ ಅಂಚಿಗಿಂತ ಚೆಂದದ ಅಲಂಕಾರ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿರುವ ಹಳೆಯ ಸೀರೆಯ ಅಂಚನ್ನು ಬಿಡಿಸಿ ಹೊಲಿದರಾಯಿತು ಎಂದೆ.

“ಮನೆಯಲ್ಲಿರುವ ಇಳಕಲ್ ಸೀರೆ ನಮ್ಮ ಅತ್ತೆಯವರದು. ಅದಕ್ಕೆ ಕತ್ತರಿ ಹಾಕಿದರೆ ನನ್ನ ಸಂಸಾರಕ್ಕೇ ಕತ್ತರಿ ಬೀಳುತ್ತದೆ,” ಎಂದರು ವಸಂತಾ.

ಶಾರದಕ್ಕನ ತಕರಾರು ಬೇರೆಯದಾಗಿತ್ತು. ನೇರವಾಗಿ ನೇಯ್ದ ಅಂಚು ನೇರವಾದ ಬದಿಗೆ ಸೊಗಸಾಗಿ ಕೂರುತ್ತದೆಯಾದರೂ ಲೋಡಿನ ದುಂಡಗಿನ ಮುಖಕ್ಕೆ ಬಾಗಲು ಒಪ್ಪದೆ ಮಡಿಕೆ ಬೀಳುತ್ತದೆ. ಅಲ್ಲಿಗೆ ಬೇಕಾದದ್ದು ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಒಳಗೆ ದಾರವಿಟ್ಟು ಹೊಲಿದ ಪೈಪಿಂಗ್, ಏಕೆಂದರೆ ಓರೆಯಾದ ಕ್ರಾಸ್ ಪಟ್ಟಿ ತಿರುವಿನಲ್ಲಿ ಹಿಗ್ಗಿ ಹೊಂದಿಕೊಳ್ಳುತ್ತದೆ. ಗುಳೇದಗುಡ್ಡದ ಖಣವನ್ನೇ ಹೀಗೆ ಕತ್ತರಿಸಿದರೆ ಅತ್ತೆಯವರ ಸೀರೆಯೂ ಉಳಿಯುತ್ತದೆ ಎಂದರು. ಪೈಪಿಂಗ್ ಹಚ್ಚುವಾಗ ಹೊಲಿಗೆ ದಾರಕ್ಕೆ ಒತ್ತಿ ಬರಬೇಕಾದರೆ ಯಂತ್ರಕ್ಕೆ ಜಿಪ್ ಹೊಲಿಯುವ ಒಂಟಿ ಪಾದವನ್ನೇ ಹಾಕಬೇಕಂತೆ.

ಈ ನಡುವೆ ರಾಯರು ಪತ್ರಿಕೆಯ ಅಂಚಿನಲ್ಲಿ ಗುಣಾಕಾರ ಮಾಡುತ್ತಿದ್ದರು. “16 ಇಂಚು ಚೌಕದ ಐದು ದಿಂಬುಗಳಿಗೆ 1,280 ಇಂಚು, ಅಂದರೆ ಸುಮಾರು ಮೂವತ್ತೆರಡೂವರೆ ಮೀಟರ್ ಬೇಕು,” ಎಂದು ಘೋಷಿಸಿದರು.

“ರಾಯರೇ, ನೀವು ದಿಂಬಿನ ಮೈತುಂಬ ಲೇಸು ಹಾಸುತ್ತಿದ್ದೀರಿ,” ಎಂದರು ಶಾರದಕ್ಕ. ಸುತ್ತಳತೆ ಒಂದಕ್ಕೆ 64 ಇಂಚು, ಐದಕ್ಕೆ 320. ಮೂಲೆಗೂ ಕೂಡುವ ಜಾಗಕ್ಕೂ ಒಂದೊಂದಕ್ಕೆ ಮೂರು ಇಂಚು ಹೆಚ್ಚಿಗೆ ಹಿಡಿದರೂ ಒಂಬತ್ತು ಮೀಟರ್ ಸಾಕು. ಅತಿಯಾಗಿ ಕೊಳ್ಳುವುದು ದಂಡ. ಆದರೆ ಅರ್ಧ ಮೀಟರ್ ಕಡಿಮೆಯಾಗಿ ಮತ್ತೆ ಚಿಕ್ಕಪೇಟೆಗೆ ಹೋದರೆ ಅದೇ ಬಣ್ಣ ಸಿಗುತ್ತದೆಂಬ ಭರವಸೆಯಿಲ್ಲ. ಬಣ್ಣದ ವಿಷಯದಲ್ಲಿ ನನಗೆ ತಿಳಿದಿರುವುದು ಇಷ್ಟೇ: ದಿಂಬಿನ ಬಟ್ಟೆಯ ತುಂಡೊಂದನ್ನು ಜೊತೆಗೆ ಒಯ್ದು, ಲೇಸಿನೊಂದಿಗೆ ಅಂಗಡಿಯ ಟ್ಯೂಬ್‌ಲೈಟಿನಿಂದ ಬಿಸಿಲಿಗೆ ಬಂದು ನೋಡಬೇಕು, ಅಂಗಡಿಯವನು ಗಾಬರಿಯಿಂದ ಬಾಗಿಲವರೆಗೆ ಹಿಂಬಾಲಿಸಿದರೆ ಬೇಸರಿಸಬಾರದು.

ವಸಂತಾ ಕುಚ್ಚಿನ ಆಸೆಯನ್ನು ಮಾತ್ರ ಬಿಡಲಿಲ್ಲ. ಮಣಿಯಿಲ್ಲದ ರೇಷ್ಮೆ ಕುಚ್ಚುಗಳನ್ನು ಲೋಡುಗಳಿಗೆ ಮಾತ್ರ ಕಟ್ಟಬಹುದೆಂದು ಶಾರದಕ್ಕ ಅನುಮತಿಯಿತ್ತರು, ಏಕೆಂದರೆ ಮನೆಯಲ್ಲಿ ತೆವಳುವ ಮೊಮ್ಮಗನಿಗೆ ಮಣಿ ಕಂಡರೆ ಅದು ನೇರವಾಗಿ ಬಾಯಿಗೆ ಹೋಗುತ್ತದೆ. ಕುಚ್ಚಿನ ಕುಣಿಕೆಯನ್ನು ಹೊಲಿಗೆಯ ಒಳಗೆ ಮೊದಲೇ ಸೇರಿಸಿದರೆ ಎಳೆದರೂ ಕಿತ್ತು ಬರುವುದಿಲ್ಲವೆಂದೂ ಹೇಳಿದರು.

ಕಡೆಗೆ ದಿಂಬುಗಳಿಗೂ ಲೋಡುಗಳಿಗೂ ಖಣದ ಪೈಪಿಂಗ್ ಎಂದಾಯಿತು. ಕನ್ನಡಿ ಲೇಸು ಯಾರ ಕೆನ್ನೆಯೂ ತಾಗದ ಕಿಟಕಿಯ ಪರದೆಗೆ ಹೋಯಿತು. ಯುಗಾದಿಗೊಮ್ಮೆ, ದಸರೆಗೊಮ್ಮೆ ಅದನ್ನು ಕೈಯಿಂದಲೇ ಒಗೆಯುವುದಾಗಿ ವಸಂತಾ ಒಪ್ಪಿಕೊಂಡರು. ಅಷ್ಟರಲ್ಲಿ ರಾಯರು ಪೆನ್ನು ತೆರೆದು ಪರದೆಯ ಸರಳನ್ನು ಅಳೆಯಲು ಹೊರಟಿದ್ದರು.

“ಸರಳನ್ನು ಅಳೆದರೆ ಲೇಸು ಸಾಲುವುದಿಲ್ಲ, ನಿರಿಗೆಯನ್ನು ಬಿಡಿಸಿ ಬಟ್ಟೆಯ ಅಗಲವನ್ನು ಅಳೆಯಿರಿ,” ಎಂದು ಶಾರದಕ್ಕ ಟೇಪನ್ನು ಅವರ ಕೈಗಿತ್ತರು. “ಆದರೆ ದಯವಿಟ್ಟು ಅದನ್ನು ಎತ್ತರದಿಂದ ಗುಣಿಸಬೇಡಿ.”